ಫ್ಯಾಮಿಲಿ ರೂಮಿನಲ್ಲಿ ಅಕ್ಕ

ಆ ಇರಾನಿ ಹೋಟೆಲನ್ನು ಆರಿಸಿದವನು ನಾನೇ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಅಕ್ಕನನ್ನು ಕೇಳಿದರೆ, “ನಿಂಗೇನ್ ಗೊತ್ತಿತ್ತು ಆ ಹೋಟ್ಲು? ಹೇಳಿದ್ದೇ ನಾನು” ಎನ್ನುತ್ತಾಳೆ. ಯಾರದು ಸರಿ ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ. ಅಪ್ಪ ಅಮ್ಮ ಇಬ್ಬರೂ ಹೋದರು. ಹೋಟೆಲೂ ಹೋಯಿತು, ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಹೊರಬಿದ್ದ ಕೂಡಲೇ ಸಿಗುತ್ತಿದ್ದ ಆ ಮೂಲೆಯಲ್ಲಿ ಈಗ ಸೂಟ್‌ಕೇಸು ಮಾರುತ್ತಾರೆ. ನಾನು ಆರಿಸಿದ್ದಾದರೆ, ಅಕ್ಕನನ್ನು ಅವಮಾನದ ಎದುರಿಗೆ ಕೈಹಿಡಿದು ನಡೆಸಿಕೊಂಡು ಹೋದವನು ನಾನು ಎಂದಾಗುತ್ತದೆ. ಅವಳು ಆರಿಸಿದ್ದಾದರೆ ವಿಷಯ ಇನ್ನೂ ಕೆಡುತ್ತದೆ. ಈ ಊರಿನಲ್ಲಿ ತನಗೆ ಧೈರ್ಯ ಕೊಡುತ್ತಿದ್ದ ಒಂದು ಜಾಗಕ್ಕೆ ಅವಳು ನಮ್ಮನ್ನು ಕರೆದಳು, ನಾವು ಹೋಗಿ ಅದನ್ನೂ ಕೆಡಿಸಿ ಬಂದೆವು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಮುಲುಂಡಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ನಾನು ವಿಶ್ವವಿದ್ಯಾನಿಲಯದಲ್ಲಿ ತತ್ವಶಾಸ್ತ್ರ ಓದಿ, ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದೆ. ಒಂದು ಕೆಲಸದಲ್ಲೂ ಒಂದು ಅಭಿಪ್ರಾಯದಲ್ಲೂ ಬಹಳ ದಿನ ನಿಲ್ಲದ ಸ್ವಭಾವ ಆಗಲೇ ಮೈಗೆ ಹತ್ತಿತ್ತು. ಅಪ್ಪ ಮೈಸೂರಿನಲ್ಲಿ ಹೈಸ್ಕೂಲು ಹೆಡ್‌ಮಾಸ್ಟರಾಗಿದ್ದು, ರಿಟೈರಾದ ಮೇಲೆ ಅಮ್ಮನೊಂದಿಗೆ ನಮ್ಮಲ್ಲಿಗೆ ಬಂದಿದ್ದರು. ಬಂದದ್ದು ಮುಖ್ಯವಾಗಿ ಅಕ್ಕನ ಮದುವೆ ಮಾಡುವುದಕ್ಕೆ. ಅವಳಿಗೆ ಮೂವತ್ತು ಹತ್ತಿರವಾಗುತ್ತಿತ್ತು.

ಆ ಮನೆಗೆ ಎಷ್ಟೋ ಜನ ಬಂದು ಹೆಣ್ಣು ನೋಡಿಕೊಂಡು ಹೋಗಿದ್ದರು. ಪ್ರತಿ ಸಲವೂ ಅದೇ. ಅಮ್ಮ ಬೆಳಗ್ಗೆಯೇ ರವೆ ಹುರಿಯುವುದು, ಅಕ್ಕ ರೇಷ್ಮೆ ಸೀರೆ ಉಟ್ಟು ಉಪ್ಪಿಟ್ಟು ಕೇಸರಿಬಾತಿನ ತಟ್ಟೆಗಳನ್ನು ತಂದಿಡುವುದು, ಬಂದವರು ತಿಂದು, ಕಾಫಿ ಕುಡಿದು, “ತಿಳಿಸ್ತೀವಿ” ಎಂದು ಎದ್ದು ಹೋಗುವುದು. ಮಿಕ್ಕ ಉಪ್ಪಿಟ್ಟನ್ನು ಸಂಜೆ ನಾವು ಬಿಸಿ ಮಾಡಿಕೊಂಡು ತಿನ್ನುತ್ತಿದ್ದೆವು. ಆಗ ನಾನು ಹಾರಾಡುತ್ತಿದ್ದೆ. ಇದೇನು ಹೆಣ್ಣು ನೋಡುವುದೋ, ಬಡಿಸುವವಳನ್ನು ಕೆಲಸಕ್ಕೆ ಗೊತ್ತುಮಾಡುವುದೋ? ಇಬ್ಬರೂ ಓದಿದವರು, ಇಬ್ಬರೂ ದುಡಿಯುವವರು, ಹೊರಗೆಲ್ಲಾದರೂ ಎದುರುಬದುರು ಕೂತು ಮನುಷ್ಯರ ಹಾಗೆ ಮಾತಾಡಲಿ. ಹೀಗೆಲ್ಲ ಹೇಳುವಾಗ ನನ್ನ ದನಿ ಏರುತ್ತಿತ್ತು. ಅಕ್ಕ ಪಾತ್ರೆ ತೊಳೆಯುತ್ತಾ, “ಕ್ಲಾಸು ಮುಗೀತಾ? ಆ ಲೋಟ ಇಲ್ಲಿ ಕೊಡು” ಎನ್ನುತ್ತಿದ್ದಳು.

ಬೊರಿವಲಿಯ ಸಂಬಂಧ ಬಂದಾಗ ಮಾತ್ರ ಅವಳು ಬೇರೆ ಥರ ಇದ್ದಳು. ಹುಡುಗ ಒಂದು ಬ್ಯಾಂಕಿನಲ್ಲಿ ಆಫೀಸರು. ಮನೆಯವರು ಮೂಲತಃ ಬೆಂಗಳೂರಿನವರು, ಅವನು ಹುಟ್ಟಿ ಬೆಳೆದದ್ದು ಇಲ್ಲಿಯೇ. ತಂದೆ ಇಲ್ಲ, ತಾಯಿ ಮಗ ಇಬ್ಬರೇ. ಜಾತಕ ಕೂಡಿಬಂದಿತ್ತು. ಬಂದ ಫೋಟೋದಲ್ಲಿ ಅವನು ಯಾರದೋ ಮಾತಿಗೆ ನಗುತ್ತಿದ್ದ. ಅಕ್ಕ ಅದನ್ನು ನೋಡಿ, ಅಮ್ಮನಿಗೆ ಕೇಳಿಸದ ಹಾಗೆ ನನಗೆ ಹೇಳಿದಳು: “ಇದೊಂದು ಆದ್ರೆ ಆಗ್ಲಿ ಅನ್ಸುತ್ತೆ ಕಣೋ.” ಹಿಂದೆ ಯಾವ ವರನ ಬಗ್ಗೆಯೂ ಅವಳು ಹೀಗೆ ಅಂದದ್ದು ನನಗೆ ನೆನಪಿಲ್ಲ. ನೆನಪಿಲ್ಲ ಎಂದ ಮಾತ್ರಕ್ಕೆ ಅಂದಿರಲಿಲ್ಲ ಎಂದೇನೂ ಅಲ್ಲ. ಆದರೆ ಅವತ್ತು ಅವಳ ಮುಖ ಇದ್ದ ರೀತಿ ಕಣ್ಣಿಗೆ ಕಟ್ಟಿದೆ.

ಹೊರಗೆ ಸೇರೋಣ ಎಂಬ ನನ್ನ ಸಲಹೆಗೆ ಆಶ್ಚರ್ಯವೆಂಬಂತೆ ಬೊರಿವಲಿಯವರೂ ಒಪ್ಪಿದರು, ಅಪ್ಪನೂ ಒಪ್ಪಿದರು. ಅಮ್ಮ ಒಪ್ಪಲಿಲ್ಲ. “ಮೊಟ್ಟೆ ಬೇಯಿಸೋ ಜಾಗ್ದಲ್ಲಿ ಹೆಣ್ಣು ತೋರಿಸ್ತಾರಂತೆ. ನೀವೇ ಹೋಗಿ ಬನ್ನಿ, ನಾನು ಮನೇಲಿ ಅಡಿಗೆ ಮಾಡಿಟ್ಟಿರ್ತೀನಿ” ಎಂದಳು. ಅಕ್ಕನಿಗೆ ಆ ಭಾನುವಾರ ಬೆಳಗಿನ ಡ್ಯೂಟಿ. ಡ್ಯೂಟಿ ಮುಗಿಸಿ ಅವಳು ನೇರವಾಗಿ ಹೋಟೆಲಿಗೆ ಬರುವುದು, ಅಪ್ಪ ನಾನು ಮುಲುಂಡಿನಿಂದ, ತಾಯಿ ಮಗ ಬೊರಿವಲಿಯಿಂದ ಅಲ್ಲಿಗೆ ಹೋಗುವುದು ಎಂದಾಯಿತು. ರೇಷ್ಮೆ ಸೀರೆ ಇಲ್ಲ, ತಟ್ಟೆ ಇಲ್ಲ. ಒಂದು ಪದ್ಧತಿಯನ್ನೇ ಬದಲಾಯಿಸಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಭಾನುವಾರವಾದ್ದರಿಂದ ಗಾಡಿಗಳು ತಡ. ದಾದರಿನಲ್ಲಿ ಇಳಿದು ಲೈನು ಬದಲಾಯಿಸುವಾಗ ಅಪ್ಪ ಕೋಟಿನ ಕಾಲರು ಒರೆಸಿಕೊಳ್ಳುತ್ತಾ, “ಹುಡುಗಿ ಕಡೆಯವರೇ ತಡವಾಗಿ ಹೋಗೋದು ಚೆನ್ನಾಗಿರಲ್ಲ” ಎಂದು ಮತ್ತೆ ಮತ್ತೆ ಹೇಳಿದರು. ಗ್ರಾಂಟ್ ರೋಡಿನ ಸೇತುವೆ ಇಳಿಯುವಾಗ ಮುಂದೆಯೇ ತಾಯಿ ಮಗ ಇಳಿಯುತ್ತಿದ್ದರು. ಫೋಟೋ ನೋಡಿದ್ದರಿಂದ ಗುರುತು ಸಿಕ್ಕಿತು. “ಅರೇ, ನೀವೂ ಲೇಟಾ? ಬಚ್ ಗಯೇ, ಉಳ್ಕೊಂಡ್ವಿ” ಎಂದು ಅವನು ನಕ್ಕ. ನಾಲ್ವರೂ ಒಟ್ಟಿಗೆ ಹೋಟೆಲಿನೊಳಗೆ ಹೋದೆವು.

ಭಾನುವಾರ ಹನ್ನೊಂದರ ಹೊತ್ತಿಗೆ ಇರಾನಿ ಹೋಟೆಲು ಹೇಗಿರುತ್ತಿತ್ತೆಂದು ಆ ಕಾಲದ ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಬೆಳಗಿನ ತಿಂಡಿಗೆ ತಡವಾಗಿ ಎದ್ದವರು, ಮಧ್ಯಾಹ್ನದ ಊಟಕ್ಕೆ ಮೊದಲೇ ಹಸಿದವರು, ಎರಡನ್ನೂ ಒಂದೇ ಸಲಕ್ಕೆ ಮುಗಿಸುವವರು ಎಲ್ಲ ಅಲ್ಲಿ. ದುಂಡು ಅಮೃತಶಿಲೆಯ ಮೇಜುಗಳು, ಬಾಗಿದ ಬೆನ್ನಿನ ಕುರ್ಚಿಗಳು, ಗೋಡೆಯುದ್ದಕ್ಕೂ ಕನ್ನಡಿ, ಗಲ್ಲಾದ ಮೇಲೆ ಬಿಸ್ಕತ್ತಿನ ಭರಣಿಗಳು. ಹಾಲ್‌ನಲ್ಲಿ ಎಲ್ಲರೂ ಗಂಡಸರು; ಗುರುತಿಲ್ಲದವರ ಮೇಜಿನಲ್ಲೇ ಕೂತು, ಗುರುತಿಲ್ಲದವರ ಪೇಪರಿನ ಹಾಳೆಯನ್ನೇ ಹಂಚಿಕೊಂಡು ಓದುವವರು. ಬಿಸಿ ಬನ್ನು, ಬೆಣ್ಣೆ, ಈರುಳ್ಳಿ ಹಾಕಿದ ಆಮ್ಲೆಟ್ಟಿನ ವಾಸನೆ ಒಟ್ಟಾಗಿ ಬರುತ್ತಿತ್ತು. ಅಪ್ಪ ಕರವಸ್ತ್ರ ಮೂಗಿಗಿಟ್ಟುಕೊಂಡು, ಯಾರಾದರೂ ನೋಡಿಯಾರೆಂದು ಅದನ್ನು ಮತ್ತೆ ಜೇಬಿಗೆ ಇಳಿಸಿದರು.

ಹಿಂದುಗಡೆ ಸಾಲಾಗಿ ಮರದ ಗೂಡುಗಳಿದ್ದವು. ಅವಕ್ಕೆ ‘ಫ್ಯಾಮಿಲಿ ರೂಮ್’ ಎಂದು ಹೆಸರು. ನಡುವೆ ಮಾತ್ರ ಮುಚ್ಚುವ ಅರ್ಧ ಬಾಗಿಲು. ಅದರ ಮೇಲಿನಿಂದ ಕೂತವರ ತಲೆ ಕಾಣದು, ಕೆಳಗಿನಿಂದ ಪಾದಗಳು ಕಾಣುತ್ತಿದ್ದವು. ಹೆಂಗಸರನ್ನು ಹಾಲ್‌ನಲ್ಲಿ ಕೂರಿಸುವ ಪದ್ಧತಿ ಇರಲಿಲ್ಲ. ಗಂಡನ ಜೊತೆ ಬರಲಿ, ಮಕ್ಕಳ ಜೊತೆ ಬರಲಿ, ಒಬ್ಬರೇ ಬರಲಿ, ಅವರನ್ನು ಈ ಗೂಡಿಗೇ ಕಳಿಸುತ್ತಿದ್ದರು. ಕಾಲೇಜಿನ ಹುಡುಗ ಹುಡುಗಿಯರು ಒಂದೊಂದು ಚಹಾ ತರಿಸಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದದ್ದೂ ಇವುಗಳಲ್ಲಿಯೇ. ಹಾಗಾಗಿ ಫ್ಯಾಮಿಲಿ ರೂಮ್ ಎಂದರೆ ಜನ ಒಂದು ಥರ ನಗುತ್ತಿದ್ದರು.

ಹೆಗಲ ಮೇಲೆ ಬಟ್ಟೆ ಹಾಕಿಕೊಂಡ, ಗಡ್ಡಕ್ಕೆ ಮೆಹಂದಿ ಬಳಿದ ವೇಟರ್ ಒಬ್ಬ ಎದುರು ಬಂದ. ಒಬ್ಬರು ಲೇಡೀಸು ಬಂದಿದ್ದಾರೆಯೇ ಎಂದು ನಾನು ಹಿಂದಿಯಲ್ಲಿ ಕೇಳಿದೆ. “ಬಾಯಿ ಅಂದರ್ ಬೈಠೀ ಹೈ”, ಹೆಂಗಸರೊಬ್ಬರು ಒಳಗೆ ಕೂತಿದ್ದಾರೆ, ಎಂದು ಮೂರನೆಯ ಗೂಡಿನ ಬಾಗಿಲು ತಳ್ಳಿ ಹಿಡಿದ.

ಅಕ್ಕ ತಿನ್ನುತ್ತಿದ್ದಳು. ಹಾಫ್ ಫ್ರೈ ತಟ್ಟೆ ಮುಂದಿತ್ತು, ನೀರಿನ ಜಗ್ಗಿಗೆ ಪೇಪರನ್ನು ಒರಗಿಸಿಟ್ಟುಕೊಂಡಿದ್ದಳು, ಒಂದು ಕಾಲನ್ನು ಚಪ್ಪಲಿಯಿಂದ ತೆಗೆದು ಕುರ್ಚಿಯ ಮೇಲೆ ಮಡಚಿಕೊಂಡಿದ್ದಳು. ಗಟ್ಟಿ ಬ್ರುನ್ ಬ್ರೆಡ್ಡನ್ನು ಮುರಿದು, ಮೊಟ್ಟೆಯ ಹಳದಿಗೆ ಅದ್ದಿ, ಬಾಯಿಗಿಡುವಾಗ ನಾವು ಒಳಗೆ ಬಂದೆವು. ಅವಳು ದಡಬಡಿಸಲಿಲ್ಲ. ಅಗಿದು, ನುಂಗಿ, ಬಾಯಿ ಒರೆಸಿಕೊಂಡು ಎದ್ದಳು. ನನಗೆ ಮೈಯೆಲ್ಲ ಬಿಸಿಯಾಯಿತು. ಮೊಟ್ಟೆ ನೋಡಿ ಹಾಗಾಯಿತು ಎಂದು ಆಗ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಅಕ್ಕ ಕೂತು ತಿನ್ನುವುದನ್ನೇ ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ಮನೆಯಲ್ಲಿ ಅವಳು ಎಲ್ಲರದೂ ಆದ ಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತಿಂದು ಮುಗಿಸುತ್ತಿದ್ದಳು. ಅವಳು ತೀಡಿ ಉಟ್ಟಿದ್ದ ಸೀರೆ ನೀಲಿಯದು ಎಂದು ನನ್ನ ನೆನಪು. ಅಕ್ಕ ಹಸಿರು ಎನ್ನುತ್ತಾಳೆ.

“ಬನ್ನಿ, ಬನ್ನಿ. ತಪ್ಪು ತಿಳ್ಕೋಬೇಡಿ. ನಸುಕಿನಿಂದ ಡ್ಯೂಟಿ, ಹೊಟ್ಟೆ ತಾಳ ಹಾಕ್ತಿತ್ತು” ಎಂದಳು.

ಹುಡುಗ ಅವಳ ತಟ್ಟೆಯನ್ನೇ ನೋಡುತ್ತಿದ್ದ. “ನಾವೇ ಲೇಟ್ ಅಲ್ವಾ. ನೀವು ಮೊದ್ಲು ಅದನ್ನ ಮುಗ್ಸಿ. ಹಾಫ್ ಫ್ರೈ ತಣ್ಣಗಾದ್ರೆ ವೇಸ್ಟ್.”

“ನೀನೊಬ್ಬ” ಎಂದರು ಅವನ ತಾಯಿ, ಸೆರಗು ಹೊದ್ದುಕೊಂಡು ಮೂಲೆಗೆ ಕೂರುತ್ತಾ. “ನೋಡಿ, ಇವನು ಮನೇಲಿ ಮಡಿ ಬ್ರಾಹ್ಮಣ. ಸ್ಟೇಷನ್ ದಾಟಿದ ಮೇಲೆ ಆಮ್ಲೆಟ್.”

“ದಾಟೋವರೆಗೂ ಯಾರು ಕಾಯ್ತಾರಮ್ಮಾ? ಪ್ಲಾಟ್‌ಫಾರ್ಮಲ್ಲೇ.”

ಎಲ್ಲರೂ ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ. ಮಗಳು ಮೊಟ್ಟೆ ತಿನ್ನುತ್ತಾಳೆಂಬುದು ಅವರಿಗೆ ಅದೇ ಕ್ಷಣ ಗೊತ್ತಾಗಿತ್ತು. ಹುಡುಗ ತನಗೂ ಅದೇ ಎಂದು ಹೇಳಿದ. ತಾಯಿ, ಬಿಸಿನೀರಿನಲ್ಲಿ ತೊಳೆದ ಕಪ್ಪಿನಲ್ಲಿ ಬರೀ ಚಹಾ ಎಂದರು. ನಾನು ಬ್ರುನ್ ಮಸ್ಕಾ ಹೇಳಿದೆ. ಅಪ್ಪ ನೀರನ್ನೂ ಮುಟ್ಟಲಿಲ್ಲ.

“ನಿಮ್ಮ ಕನ್ನಡ ಪರವಾಗಿಲ್ವೇ” ಎಂದು ಅಕ್ಕ ಅವನಿಗೆ ಹೇಳಿದಳು. “ಬಾಂಬೆ ಹುಡುಗ್ರು ಮಾತಾಡೋದೇ ಇಲ್ಲ ಅಂದ್ಕೊಂಡಿದ್ದೆ.”

“ಅರ್ಧ ಹಿಂದಿ, ಸ್ವಲ್ಪ ಮರಾಠಿ. ಅಮ್ಮ ಬೈಯೋದು ಮಾತ್ರ ಪ್ಯೂರ್ ಕನ್ನಡದಲ್ಲಿ. ಅದಕ್ಕೆ ಬೈಗುಳ ಫಸ್ಟ್ ಕ್ಲಾಸ್ ಬರುತ್ತೆ ನಂಗೆ.”

“ನಮ್ಗೆ ಎಕ್ಸ್‌ಚೇಂಜಲ್ಲಿ ಎಲ್ಲಾ ಭಾಷೇಲೂ ಬೈತಾರೆ. ನೀವು ಯಾವ್ದ್ರಲ್ಲಿ ಬೈದ್ರೂ ನಾನು ‘ಹೋಲ್ಡ್ ಮಾಡಿ’ ಅಂತೀನಿ, ಅಷ್ಟೇ.”

“ಅಮ್ಮಾ, ಕೇಳಿದ್ಯಾ? ನಿನ್ನ ಟ್ರಿಕ್ಕು ಇವ್ರ ಹತ್ರ ನಡೆಯಲ್ಲ.”

ತಾಯಿಯೂ ನಕ್ಕರು. “ಹೋಲ್ಡ್ ಮಾಡೋಕೆ ಬಂದ್ರೆ ಸಂಸಾರ ಮಾಡೋಕೆ ಬಂತು ಬಿಡಮ್ಮ” ಎಂದರು. ಆ ಮಾತು ನನಗೆ ಬಹಳ ಹಿತವಾಗಿ ಕೇಳಿಸಿತು. ನನ್ನ ಬ್ರುನ್ ಬಂತು. ಮೇಲೆ ಗಟ್ಟಿ, ಒಳಗೆ ಹತ್ತಿಯ ಹಾಗೆ, ನಡುವೆ ಬೆರಳು ಗಾತ್ರ ಬೆಣ್ಣೆ. ಸಿಹಿ ಚಹಾದಲ್ಲಿ ಅದ್ದಿದರೆ ಬೆಣ್ಣೆ ಕರಗಿ ಮೇಲೆ ಹೊಳೆಯುವ ಬಿಂದುಗಳಾಗಿ ತೇಲುತ್ತಿತ್ತು. ಹುಡುಗ ಅಕ್ಕನಿಂದ ನೋಡಿ ಕಲಿತವನಂತೆ ಬ್ರೆಡ್ಡಿನ ಗಟ್ಟಿ ಅಂಚಿನಿಂದ ಹಳದಿಯನ್ನು ಬಳಿದು ತಿನ್ನುತ್ತಿದ್ದ. ಹೊರಗೆ ಕಪ್ಪು ಬಸಿಗಳ ಸದ್ದು, ಯಾರದೋ ನಗು, ಅಡುಗೆಯವನಿಗೆ ಕೂಗಿ ಹೇಳುವ ಆರ್ಡರುಗಳು. ನನ್ನ ಜೀವನದಲ್ಲಿ ನಾನು ಮುಂದಿಟ್ಟ ವಾದವೊಂದು ಹೀಗೆ ತಟ್ಟೆಯಲ್ಲಿ ಬೆಣ್ಣೆಯಂತೆ ಕರಗಿ ಎಲ್ಲರಿಗೂ ರುಚಿಸಿದ್ದು ಅದೊಂದೇ ಸಲ.

ಆಗ ವೇಟರ್ ಒಂದು ಪುಟ್ಟ ಬಟ್ಟಲಿನಲ್ಲಿ ಕಸ್ಟರ್ಡು ತಂದು, ಯಾರೂ ಕೇಳದಿದ್ದರೂ ಅಕ್ಕನ ಮುಂದಿಟ್ಟ. “ಬಾಯಿ, ಪಿಛಲೇ ಇತ್ವಾರ್ ಖತಮ್ ಹೋ ಗಯಾ ಥಾ ನಾ? ಆಜ್ ಆಪ್ ಕೇ ವಾಸ್ತೇ ಅಲಗ್ ರಖಾ” ಎಂದ. ಹೋದ ಭಾನುವಾರ ಮುಗಿದುಹೋಗಿತ್ತಂತೆ, ಇವತ್ತು ಅವಳಿಗೆಂದೇ ತೆಗೆದಿಟ್ಟಿದ್ದನಂತೆ. ಹೇಳಿ ಹೋದ.

ಹುಡುಗನ ತಾಯಿ ಕಪ್ಪು ಕೆಳಗಿಟ್ಟರು. “ಹೋದ ವಾರಾನೂ ಬಂದಿದ್ಯೇನಮ್ಮಾ?”

“ಹೂಂ. ಭಾನುವಾರ ಡ್ಯೂಟಿ ಇದ್ದಾಗೆಲ್ಲ ಬರ್ತೀನಿ.”

ಅಪ್ಪ ಅವಳತ್ತ ತಿರುಗಿದರು. ಭಾನುವಾರದ ಡ್ಯೂಟಿ ಊಟದ ಹೊತ್ತಿನವರೆಗೆ ಇರುತ್ತದೆ, ಇವತ್ತೊಂದು ದಿನ ಬೇಗ ಬಿಡಿಸಿಕೊಂಡು ಬರುತ್ತೇನೆ ಎಂದು ಅವಳು ಮನೆಯಲ್ಲಿ ಹೇಳಿದ್ದಳು.

“ಯಾರ ಜೊತೆ ಬರ್ತೀ?” ಎಂದರು ಹುಡುಗನ ತಾಯಿ.

“ಒಬ್ಳೇ.”

“ಆಫೀಸಿನ ಹುಡುಗೀರು ಯಾರಾದ್ರೂ ಇರ್ತಾರೆ, ಅಲ್ವಾ?” ಆ ಹೆಂಗಸು ಕೆಟ್ಟವರಲ್ಲ. ಆ ಪ್ರಶ್ನೆಯಲ್ಲಿ ಅಕ್ಕನಿಗೆ ಒಂದು ದಾರಿ ಬಿಟ್ಟುಕೊಟ್ಟಿದ್ದರು. ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ಇಲ್ಲಮ್ಮ, ಒಬ್ಳೇ ಬರ್ತೀನಿ.”

“ಒಬ್ಳೇ ಬಂದು ಏನ್ ಮಾಡ್ತೀ?”

“ತಿಂತೀನಿ. ಪೇಪರ್ ಓದ್ತೀನಿ. ಆಮೇಲೆ ಗಾಡಿ ಹಿಡೀತೀನಿ.”

“ಅಚ್ಛಾ” ಎಂದರು ಅವರು. ಅರ್ಧ ಬಾಗಿಲನ್ನೂ ಮರದ ಗೋಡೆಗಳನ್ನೂ ಒಮ್ಮೆ ನಿಧಾನವಾಗಿ ನೋಡಿದರು. “ನಾನು ಬಾಂಬೆಗೆ ಮದುವೆಯಾಗಿ ಬಂದವಳು. ಈ ರೂಮುಗಳು ಯಾತಕ್ಕೆ ಅಂತ ನಂಗೂ ಗೊತ್ತಿದೆಯಮ್ಮಾ. ಒಂದು ಹೆಣ್ಣು ಒಬ್ಳೇ ಇದರೊಳಗೆ ಕೂತು ತಿಂದು ಹೋಗ್ತಾಳೆ ಅಂದ್ರೆ ಯಾರು ನಂಬ್ತಾರೆ, ನೀನೇ ಹೇಳು.”

“ಅಮ್ಮಾ” ಎಂದ ಹುಡುಗ.

ಮುಂದಿನದು ನನ್ನನ್ನು ಇವತ್ತಿಗೂ ಸುಮ್ಮನಿರಲು ಬಿಡುವುದಿಲ್ಲ. ಅಪ್ಪ ನನಗೆ, “ಆ ವೇಟರನ್ನ ಕರೆದು ಕೇಳು” ಎಂದರು. ನಾನು ಬಾಗಿಲಾಚೆ ಕೈಯಾಡಿಸಿ ಅವನನ್ನು ಕರೆದೆ. ಇದು ನನ್ನ ನೆನಪು. ಅಕ್ಕನ ಪ್ರಕಾರ ಅಪ್ಪ ತುಟಿ ಬಿಚ್ಚಲೇ ಇಲ್ಲ, ಕರೆದದ್ದೂ ಕೇಳಿದ್ದೂ ನಾನೇ. “ಅಪ್ಪಂಗೆ ಎಲ್ಲಿತ್ತೋ ಅಷ್ಟು ಬುದ್ಧಿ? ಪುರಾವೆ, ಪುರಾವೆ ಅಂತ ಸಾಯ್ತಿದ್ದೋನು ನೀನು” ಎನ್ನುತ್ತಾಳೆ. ಎಷ್ಟೋ ಸಲ ಆ ಗೂಡಿನೊಳಗೆ ಮನಸ್ಸಿನಲ್ಲೇ ಹೋಗಿ ಕೂತು ಅಪ್ಪನ ದನಿ ಕೇಳಿಸಿಕೊಳ್ಳಲು ನೋಡಿದ್ದೇನೆ. ಕೆಲವು ಸಲ ಕೇಳಿಸುತ್ತದೆ. ಆದರೆ ಆಗ ಅವರು ಆಡುವ ಮಾತು ನನ್ನ ಧಾಟಿಯಲ್ಲೇ ಇರುತ್ತದೆ.

ಯಾರು ಕರೆಸಿದ್ದಾದರೂ, ಬಾಯಿ ನನ್ನದು. “ಯೇ ಬಾಯಿ ಯಹಾಂ ಅಕೇಲೀ ಆತೀ ಹೈ, ಯಾ ಕೋಯೀ ಸಾಥ್ ಮೇಂ ಆತಾ ಹೈ?” ಎಂದು ಕೇಳಿದೆ, ಇವಳು ಇಲ್ಲಿಗೆ ಒಬ್ಬಳೇ ಬರುತ್ತಾಳೋ, ಜೊತೆಗೆ ಯಾರಾದರೂ ಬರುತ್ತಾರೋ ಎಂದು. ಪ್ರಶ್ನೆ ನೇರವಾಗಿತ್ತು, ಉತ್ತರ ಗೊತ್ತಿದ್ದವನು ಅವನೊಬ್ಬನೇ, ಅವನಿಗೆ ಸುಳ್ಳು ಹೇಳುವ ಕಾರಣವಿಲ್ಲ. ಎರಡು ನಿಮಿಷದಲ್ಲಿ ಎಲ್ಲ ತಿಳಿಯಾಗುತ್ತದೆ ಎಂದು ನನಗೆ ಪೂರ್ತಿ ಭರವಸೆ ಇತ್ತು.

ವೇಟರ್ ಅಕ್ಕನ ಕಡೆ ನೋಡಿದ. ಅವಳು ಬಟ್ಟಲನ್ನು ನೋಡುತ್ತಿದ್ದಳು. ಅವನು ಹೆಗಲ ಬಟ್ಟೆ ತೆಗೆದು, ಒದ್ದೆಯಾಗಿರದ ಮೇಜನ್ನು ಒರೆಸಿದ. ಆಮೇಲೆ ಕನ್ನಡದಲ್ಲಿ ಹೇಳಿದ:

“ಯಾರ್ ಬರ್ತಾರ, ಯಾರ್ ಜೋಡಿ ಬರ್ತಾರ, ಅದನ್ನ ನಾವ್ ನೋಡೂದಿಲ್ರೀ ಸಾಹೇಬ್ರ. ಇಲ್ಲಿ ಆ ಪದ್ಧತಿ ಇಲ್ಲ.”

ಅವನು ವಿಜಾಪುರದ ಕಡೆಯವನು ಎಂದು ಅಕ್ಕನಿಗೆ ಮಾತ್ರ ಗೊತ್ತಿತ್ತು. ನಾವು ಆಡಿದ್ದೆಲ್ಲ, ಈ ರೂಮು ಯಾತಕ್ಕೆಂಬ ಮಾತೂ ಸೇರಿ, ಅವನಿಗೆ ಅರ್ಥವಾಗಿತ್ತು. ಅರ್ಥವಾದದ್ದರಿಂದಲೇ ಅವನು ಅವಳನ್ನು ಕಾಯಲು ನೋಡಿದ; ಆ ಗೂಡಿಗೆ ಬರುವ ಎಲ್ಲರನ್ನೂ ಕಾಯುವ ಅದೇ ಮಾತಿನಿಂದ. ಹುಡುಗನ ತಾಯಿಯ ಮುಖದಲ್ಲಿ ಅನುಮಾನವಿದ್ದ ಜಾಗಕ್ಕೆ ಮರುಕ ಬಂತು. ಅವರಿಗೆ ಉತ್ತರ ಸಿಕ್ಕಿತ್ತು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಆತ ಹೌದು ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ, ಹಾಗಾಗಿ ಆ ಮಾತಿನಿಂದ ಯಾವ ಕಡೆಗೂ ಏನೂ ಸಿದ್ಧವಾಗುವುದಿಲ್ಲ ಎಂದು ಕ್ಲಾಸಿನಲ್ಲಿ ಹೇಳುವ ಹಾಗೆ ಅವರಿಗೆ ಹೇಳತೊಡಗಿದೆ.

“ಸಿದ್ಧ ಆಗೋದು ಬೇಡಪ್ಪಾ” ಎಂದರು ಅವರು, ಸೆರಗು ಸರಿಮಾಡಿಕೊಳ್ಳುತ್ತಾ. “ನಾವು ಕೋರ್ಟಿಗೆ ಬಂದಿಲ್ಲ. ಹೆಣ್ಣು ನೋಡೋಕೆ ಬಂದ್ವಿ.” ಅಪ್ಪನಿಗೆ ಕೈಮುಗಿದು, “ತಿಳಿಸ್ತೀವಿ” ಎಂದರು.

ಹುಡುಗ ಕೊನೆಗೆ ಎದ್ದ. ಬಾಗಿಲ ಹತ್ತಿರ ನಿಂತು ಅಕ್ಕನಿಗೆ ತಗ್ಗಿದ ದನಿಯಲ್ಲಿ, “ತಿಂಡಿ ತುಂಬಾ ಚೆನ್ನಾಗಿತ್ತು” ಎಂದ. ಅವನು ಏನೂ ಹೇಳಲಿಲ್ಲ, ತಲೆ ತಗ್ಗಿಸಿಕೊಂಡು ಹೋದ ಎಂದು ಅಕ್ಕ ಹೇಳುತ್ತಾಳೆ. ಇಲ್ಲಿ ನನಗೆ ನನ್ನ ಮೇಲೇ ಅನುಮಾನ. ಆ ಬೆಳಗ್ಗೆ ಯಾರಾದರೂ ಒಬ್ಬರು ಅವಳಿಗೆ ಒಂದು ಒಳ್ಳೆಯ ಮಾತು ಹೇಳಬೇಕಿತ್ತು ಅನ್ನಿಸಿ, ಆಮೇಲೆ ಎಂದೋ ನಾನೇ ಅವನ ಬಾಯಲ್ಲಿ ಅದನ್ನು ಇಟ್ಟಿರಬಹುದು.

ಅವರು ಹೋದ ಮೇಲೆ ಅಕ್ಕ ಕಸ್ಟರ್ಡನ್ನು ಎಳೆದುಕೊಂಡು ತಿಂದಳು. ಅಪ್ಪ ಗೋಡೆ ನೋಡುತ್ತಾ ಕೂತಿದ್ದರು. ನಾನು ಅವಳ ಚಮಚ ಬಟ್ಟಲಿನ ತಳ ತಾಗುವ ಸದ್ದು ಕೇಳುತ್ತಾ ಕೂತಿದ್ದೆ. ಆ ಸದ್ದನ್ನು ಮಾತ್ರ ನಾನು ಕಲ್ಪಿಸಿಕೊಂಡಿಲ್ಲ.

ಬಹಳ ವರ್ಷಗಳ ಮೇಲೆ ಒಮ್ಮೆ ಕೇಳಿದೆ: “ನೀನೇ ಅವನಿಗೆ ಹೇಳಬಹುದಿತ್ತಲ್ಲ, ನಿಜ ಹೇಳಿ ಪರವಾಗಿಲ್ಲ ಅಂತ?”

“ನೀನು ನನ್ನ ಮೇಲೆ ಸಾಕ್ಷಿ ಕರೆಸಿದ್ದು ಸಾಲ್ದೂಂತ ನಾನೂ ಕರೆಸಬೇಕಿತ್ತಾ?” ಎಂದಳು.

ಮನೆಗೆ ಬಂದು ವಿಷಯ ತಿಳಿದಾಗ ಅಮ್ಮ ಸಂಬಂಧದ ಬಗ್ಗೆ ಮೊದಲು ಏನೂ ಕೇಳಲಿಲ್ಲ. “ಭಾನುವಾರ ನಿಂಗೆ ಮನೆ ತಿಂಡಿ ಸೇರ್ತಿರ್ಲಿಲ್ವೇನೇ?” ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು.

“ಸೇರುತ್ತಮ್ಮಾ. ಅಲ್ಲಿ ಯಾರೋ ತಂದಿಡ್ತಾರೆ, ನಾನು ಕೂತಿರ್ತೀನಿ. ಅಷ್ಟೇ.”

ವಾರದೊಳಗೆ ಕೆಳಗಿನ ಮನೆಯ ಫೋನಿಗೆ ಬೊರಿವಲಿಯಿಂದ ಸುದ್ದಿ ಬಂತು. ಜಾತಕವನ್ನು ಇನ್ನೊಬ್ಬರಿಗೆ ತೋರಿಸಿದರಂತೆ, ಕೂಡುವುದಿಲ್ಲವಂತೆ. ಅಕ್ಕ ಆಮೇಲೆ ಯಾರ ಮುಂದೆಯೂ ಕೂರಲು ಒಪ್ಪಲಿಲ್ಲ, ಮದುವೆಯಾಗಲಿಲ್ಲ. ಆ ಬೆಳಗ್ಗೆಯೇ ಅದಕ್ಕೆ ಕಾರಣ ಎಂದು ನಾನು ಸಾಧಿಸಿ ತೋರಿಸಲಾರೆ. ಅಲ್ಲವೆಂದೂ ತೋರಿಸಲಾರೆ.

ಮತ್ತೊಂದು ಡ್ಯೂಟಿಯ ಭಾನುವಾರ ಬಂತು. ಹಿಂದಿನ ರಾತ್ರಿ ಊಟ ಬಡಿಸುತ್ತಾ ಅಕ್ಕ ಎಲ್ಲರಿಗೂ ಕೇಳುವ ಹಾಗೆ, “ನಾಳೆ ಡ್ಯೂಟಿ ಆದ್ಮೇಲೆ ಹೋಟ್ಲಲ್ಲಿ ತಿಂಡಿ ತಿಂದು ಬರ್ತೀನಿ” ಎಂದಳು. ಅಪ್ಪ ತಟ್ಟೆಯಿಂದ ತಲೆ ಎತ್ತದೆ, “ತಮ್ಮನೂ ಬರ್ಲಿ ಜೊತೆಗೆ” ಎಂದರು. ಇದನ್ನು ಅಪ್ಪನೇ ಹೇಳಿದರು. ಅಕ್ಕನೂ ಇದನ್ನು ಒಪ್ಪುತ್ತಾಳೆ.

ಎಕ್ಸ್‌ಚೇಂಜಿನ ಗೇಟಿನ ಮುಂದೆ ಕಾಯುತ್ತಿದ್ದ ನನ್ನನ್ನು ನೋಡಿ, “ಕಾವಲಿಗೆ ಬಂದ್ಯಾ?” ಎಂದಳು.

“ತಿಂಡಿಗೆ.”

“ಹಾಗಾದ್ರೆ ನೀನು ಹಾಲಲ್ಲಿ ಕೂತ್ಕೋ. ನಾನು ಒಳಗೆ ಕೂರ್ತೀನಿ.”

ಹಾಗೇ ಮಾಡಿದೆವು. ಅವಳು ಮೂರನೆಯ ಗೂಡಿಗೆ ಹೋದಳು. ನಾನು ಅದರ ಎದುರಿನ ಮೇಜಿನಲ್ಲಿ, ಕುದುರೆ ರೇಸಿನ ಪುಸ್ತಕ ಓದುತ್ತಿದ್ದ ಒಬ್ಬ ಪಾರ್ಸಿ ಮುದುಕನ ಜೊತೆ ಕೂತೆ. ಅದೇ ವೇಟರ್ ಬಂದ. ಬ್ರುನ್ ಮಸ್ಕಾ, ಚಹಾ ಎಂದು ಈ ಸಲ ಕನ್ನಡದಲ್ಲೇ ಹೇಳಿದೆ. ಅವನು ತಂದಿಟ್ಟಾಗ ತಡೆಯಲಾಗದೆ ಕೇಳಿಬಿಟ್ಟೆ: “ಅವತ್ತು ಒಬ್ಬಳೇ ಬರ್ತಾಳೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು ನೀವು.”

“ಹೇಳಬಹುದಿತ್ರೀ” ಎಂದ. “ಅಕ್ಕಾರದು ಹೇಳಿದ್ರ ನಾಳೆ ಮತ್ತೊಬ್ಬರದು ಕೇಳಾಕ ಬರ್ತಾರ. ಗಂಡಂದ್ರು ಬರ್ತಾರ, ಅಪ್ಪಂದ್ರು ಬರ್ತಾರ. ಅವರದು ಹೇಳಲಿಲ್ಲಂದ್ರ, ಹಂಗಾದ್ರ ಏನೋ ಅದ ಅಂತಾರ. ಅದಕ್ಕ ಯಾರದೂ ಹೇಳೂದಿಲ್ಲ.” ಖಾಲಿ ಲೋಟಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೋದ.

ಚಹಾ ಬಿಸಿಯಾಗಿತ್ತು. ಬೆಣ್ಣೆ ಚೆನ್ನಾಗಿತ್ತು. ಗೂಡಿನೊಳಗಿಂದ ಪೇಪರಿನ ಹಾಳೆ ತಿರುಗಿಸುವ ಸದ್ದು ಬಂತು, ಆಮೇಲೆ ಬರಲಿಲ್ಲ. ನಾನು ಮೇಜಿನ ಕೆಳಗೆ ಬಗ್ಗಿದೆ. ಅರ್ಧ ಬಾಗಿಲಿನಡಿಯಲ್ಲಿ ಅಕ್ಕನ ಪಾದಗಳು ಕಂಡವು. ಒಂದು ಚಪ್ಪಲಿಯಲ್ಲಿತ್ತು. ಇನ್ನೊಂದು ಪಾದ ಚಪ್ಪಲಿ ಬಿಟ್ಟು ಮೊದಲನೆಯದರ ಮೇಲೆ ಆರಾಮಾಗಿ ಹೇರಿಕೊಂಡಿತ್ತು. ಎದುರು ಕುರ್ಚಿಯ ನಾಲ್ಕು ಕಾಲು, ಬರೀ ನೆಲ; ಬೇರೆ ಯಾರ ಪಾದವೂ ಇರಲಿಲ್ಲ. ಅವಳನ್ನು ಅಲ್ಲಿಗೆ ಕರೆತಂದವನು ನಾನು, ಒಬ್ಬಳೇ ಒಳಗೆ ಹೋದದ್ದನ್ನು ಕಣ್ಣಾರೆ ಕಂಡವನೂ ನಾನು. ಪಾರ್ಸಿ ಮುದುಕ ಪುಸ್ತಕದ ಮೇಲಿಂದ ನನ್ನನ್ನೇ ನೋಡುತ್ತಿದ್ದ.

ಕೆಳಗೆ ಬಿದ್ದ ಚಮಚ ಎತ್ತಿಕೊಳ್ಳಲು ಬಗ್ಗಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಬ್ರುನ್ ಮಸ್ಕಾದ ಜೊತೆ ಅಲ್ಲಿ ಯಾರೂ ಚಮಚ ಕೊಡುತ್ತಿರಲಿಲ್ಲ.